ಕೋಣೆಯಲ್ಲಿ ಇನ್ನೊಬ್ಬರು

ಮುದುಕಿಯ ತುಟಿ ಅಲುಗಿದ್ದು ಸಂದರ್ಶನದ ಹನ್ನೊಂದನೆಯ ನಿಮಿಷದಲ್ಲಿ. ಬೆಳಿಗ್ಗೆಯಿಂದ ಮೆನ್ನಾ ಆ ಜಾಗವನ್ನು ನಾಲ್ಕು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದಳು, ಇದು ಐದನೆಯದು. ಪರದೆಯ ಮೇಲೆ ಐಜ್ವಾಲಿನ ಒಂದು ಕೋಣೆ, ಹಸಿರು ಬಳಿದ ಹಲಗೆಯ ಗೋಡೆ, ಗೋಡೆಗೊಂದು ಕ್ಯಾಲೆಂಡರು, ಮುಂದೆ ಕುರ್ಚಿಯಲ್ಲಿ ನೆಟ್ಟಗೆ ಕೂತ ಜೋಥನ್‌ಪುಯಿ ಎಂಬ ಇಪ್ಪತ್ತಾರರ ಹುಡುಗಿ. ಅವಳ ಹೆಗಲ ಹಿಂದೆ, ಅರ್ಧ ಸರಿದ ಬಟ್ಟೆಯ ತೆರೆಯಾಚೆ, ಮಂಚದ ತುದಿಯಲ್ಲಿ ಒಬ್ಬ ಮುದುಕಿ. 'ಓದುವುದಕ್ಕೆ ಈ ವಿಶ್ವವಿದ್ಯಾಲಯವನ್ನೇ ಯಾಕೆ ಆರಿಸಿಕೊಂಡಿರಿ?' ಎಂದು ಮೆನ್ನಾಳದೇ ದನಿ ಕೇಳುತ್ತದೆ. ಕೇಳಿದಾಗ ಅದು ಇಷ್ಟು ಒಣಗಿದ ದನಿ ಅಂತ ಅವಳಿಗೆ ಅನ್ನಿಸಿರಲಿಲ್ಲ. ಹುಡುಗಿ ಹೇಳತೊಡಗುತ್ತಾಳೆ. ಮೂರು ವಾಕ್ಯ ನೀರು ಕುಡಿದಷ್ಟು ಸಲೀಸು. ನಾಲ್ಕನೆಯದರಲ್ಲಿ ಎಡವುತ್ತಾಳೆ, ನಿಲ್ಲುತ್ತಾಳೆ, ಕಣ್ಣು ಮೇಲಕ್ಕೆ ಹೋಗುತ್ತದೆ, ಮತ್ತೆ ಮೊದಲನೆಯ ವಾಕ್ಯದಿಂದ ಶುರು ಮಾಡುತ್ತಾಳೆ. ಮುದುಕಿಯ ತುಟಿ ಅಲುಗುವುದು ಆಗಲೇ. ಮೂರು ವಾರದ ಹಿಂದೆ ಮೆನ್ನಾ ಇದನ್ನು ನೋಡಿ ಎರಡು ಖಾನೆಯಲ್ಲಿ ಗುರುತು ಹಾಕಿದ್ದಳು: 'ಉರು ಹೊಡೆದ ಉತ್ತರ' ಒಂದು, 'ಕೋಣೆಯಲ್ಲಿ ಇನ್ನೊಬ್ಬರು' ಇನ್ನೊಂದು. ಕೆಳಗೆ, 'ಹಿಂದೆ ಕೂತವರು ಹೇಳಿಕೊಡುತ್ತಿದ್ದಾರೆ' ಎಂದು ತನ್ನ ದುಂಡು ಅಕ್ಷರದಲ್ಲಿ ಬರೆದಿದ್ದಳು. ಎರಡು ಗುರುತು ಬಿದ್ದರೆ ಸೀಟು ಹೋದಂತೆಯೇ.

ಹುಡುಗಿಯ ಪತ್ರ ನಿನ್ನೆ ಬಂದಿತ್ತು. ಇಂಥ ಪತ್ರಗಳು ದಿನಕ್ಕೆ ಹತ್ತು ಬರುತ್ತವೆ, ಎಲ್ಲದರಲ್ಲೂ ಕಣ್ಣೀರು, ಎಲ್ಲದರಲ್ಲೂ ದೇವರು. ಇದರಲ್ಲಿ ಎರಡೂ ಇರಲಿಲ್ಲ. 'ನಮಗಿರುವುದು ಒಂದೇ ಕೋಣೆ. ಅಜ್ಜಿ ಮಂಚ ಬಿಟ್ಟು ಏಳಲಾರಳು. ಅವಳಿಗೆ ಇಂಗ್ಲಿಷ್ ಒಂದಕ್ಷರವೂ ಬರುವುದಿಲ್ಲ. ಹದಿನೈದು ದಿನ ನಾನು ಅವಳ ಎದುರು ಗಟ್ಟಿಯಾಗಿ ಹೇಳಿಕೊಂಡು ಕಲಿತದ್ದರಿಂದ ಆ ಸದ್ದು ಅವಳ ಬಾಯಿಗೆ ಬಂದಿದೆ. ಬಾಯಿಪಾಠ ಮಾಡುವುದು ಮೋಸವೆಂದು ನನಗೆ ತಿಳಿದಿರಲಿಲ್ಲ ಮೇಡಂ. ನಮ್ಮಲ್ಲಿ ದೊಡ್ಡವರ ಮುಂದೆ ಕಲಿಯದೆ ಹೋಗಿ ನಿಲ್ಲುವುದು ಅಗೌರವ. ನಮ್ಮ ಚರ್ಚು ಕೊಡುವ ವಿದ್ಯಾರ್ಥಿವೇತನ ಈ ವರ್ಷಕ್ಕೆ ಮಾತ್ರ. ಇನ್ನೊಂದು ಸಲ ಕೇಳುವಿರಾ? ನಿಮ್ಮ ಊರನ್ನು ಯಾಕೆ ಆರಿಸಿದೆ ಎಂಬುದಕ್ಕೆ ನನ್ನದೇ ಒಂದು ಉತ್ತರವೂ ಇತ್ತು, ಅದು ಪರೀಕ್ಷೆಗೆ ತಕ್ಕದ್ದಲ್ಲವೆಂದು ಸೀಟು ಕೊಡಿಸುವ ಏಜೆಂಟರು ತೆಗೆಸಿದರು. ನನ್ನ ಅಜ್ಜಿಯ ತಾಯಿಗೆ ಅಕ್ಷರ ಕಲಿಸಿದವಳು ನಿಮ್ಮ ಕಡೆಯಿಂದ ಹಡಗು ಹತ್ತಿ ಬಂದ ಒಬ್ಬ ಹೆಂಗಸು.' ಇವತ್ತು ಎರಡು ಗಂಟೆಗೆ ಸಭೆ. ಜನವರಿಗೆ ಸೇರುವವರ ಪಟ್ಟಿ ಅಲ್ಲಿಗೆ ಮುಗಿಯುತ್ತದೆ. ಪ್ರಶ್ನೆ ಕೇಳಿದವರೇ, ನನ್ನದು ತಪ್ಪಾಗಿದೆ, ಈ ಹುಡುಗಿಯನ್ನು ಮತ್ತೊಮ್ಮೆ ಕೇಳೋಣ ಎಂದರೆ ಕೇಳುತ್ತಾರೆ. ಅಷ್ಟು ಹೇಳಿದರೆ ಸಾಕು. ಬೇರೆ ಯಾರೂ ಹೇಳುವಂತಿಲ್ಲ.

ದೊಡ್ಡವರ ಮುಂದೆ ಕಲಿಯದೆ ಹೋಗಿ ನಿಲ್ಲುವುದು. ಮೆನ್ನಾ ಚಿಕ್ಕವಳಿದ್ದಾಗ ಅವಳ ವೆಲ್ಷ್ ಊರಿನ ಹೋರೆಬ್ ಚಾಪೆಲ್ಲಿನಲ್ಲಿ, ಭಾನುವಾರದ ಹಾಡು ಮುಗಿದ ಕೂಡಲೇ ಮಕ್ಕಳೆಲ್ಲ ಸಾಲಾಗಿ ಮುಂದೆ ಹೋಗಿ ಹಿರಿಯರ ಕಟಕಟೆಯ ಎದುರು ನಿಲ್ಲಬೇಕಿತ್ತು. ಪಾದ್ರಿ ಉಪದೇಶದ ಪೀಠದಿಂದ ಇಳಿದು ಬಂದು ಒಬ್ಬೊಬ್ಬರನ್ನೇ ಮುಟ್ಟಿ, 'ಹೂಂ, ನಿನ್ನ ವಚನ' ಎನ್ನುತ್ತಿದ್ದರು. ವಾರವಿಡೀ ಅಮ್ಮ ಪಾತ್ರೆ ತೊಳೆಯುತ್ತ, ಬಟ್ಟೆ ಹಿಂಡುತ್ತ ಹೇಳಿಸಿದ ಬೈಬಲ್ಲಿನ ವಚನ. ಅರ್ಥ ಯಾರು ಕೇಳಿದರು? ಸದ್ದು ನಾಲಿಗೆಗೆ ಅಂಟಿದರೆ ಆಯಿತು, ಅರ್ಥ ಮೈ ಬೆಳೆದ ಹಾಗೆ ಬರುತ್ತದೆ ಎನ್ನುತ್ತಿದ್ದಳು ಅಮ್ಮ. ಮರೆತು ಹೋದ ಮಕ್ಕಳಿಗೂ ಒಂದು ದಾರಿ ಇತ್ತು: ದೇವರ ಪ್ರೀತಿಯ ಬಗ್ಗೆ ಮೂರೇ ಪದದ ಒಂದು ಗಿಡ್ಡ ವಚನ. ಅದನ್ನು ಹೇಳಿದರೂ ತಲೆ ಸವರಿ ಕಳಿಸುತ್ತಿದ್ದರು. ಬೇಕರಿಯವರ ಮಗ ಟ್ರೆಫರ್ ಅಂತೂ ಆರು ವರ್ಷ ಪ್ರತಿ ಭಾನುವಾರ ಅದನ್ನೇ ಹೇಳಿ, ಹಲ್ಲು ಕಿರಿದು, ಓಡಿಹೋಗಿ ಕೂತುಬಿಡುತ್ತಿದ್ದ. ಮೆನ್ನಾಳಿಗೆ ಎಂಟು ವರ್ಷವಾಗಿದ್ದಾಗ ಒಂದು ಭಾನುವಾರ ಬೇರೆ ಊರಿನ ಪಾದ್ರಿ ಬಂದಿದ್ದರು. ಅವಳ ವಚನ ಉದ್ದದ್ದು. ನಡುವೆ ನಿಂತುಹೋಯಿತು. ಎದುರಿನ ಮಾಳಿಗೆಯ ಗಡಿಯಾರ ನೋಡಿದಳು. ಮೊದಲಿನಿಂದ ಹೇಳಿದಳು. ಅಲ್ಲೇ ನಿಂತಿತು. ಕಾಲುಚೀಲವೊಂದು ಜಾರಿ ಬೂಟಿನ ಮೇಲೆ ಬಿದ್ದಿತ್ತು, ಬಗ್ಗಿ ಎಳೆದುಕೊಳ್ಳುವ ಹಾಗಿಲ್ಲ. ತಿರುಗಿ ಅಮ್ಮನ ಕಡೆ ನೋಡಿದರೆ ಮೂರನೆಯ ಬೆಂಚಿನಲ್ಲಿ ಅಮ್ಮನ ತುಟಿ ಅಲುಗುತ್ತಿದೆ. 'ಅಮ್ಮನ ಕಡೆ ನೋಡಬಾರದು' ಎಂದರು ಆ ಪಾದ್ರಿ, ನಗುತ್ತಲೇ. ಇಡೀ ಚಾಪೆಲ್ ನಕ್ಕಿತು. ಗಿಡ್ಡ ವಚನ ನಾಲಿಗೆಯ ತುದಿಯಲ್ಲೇ ಇತ್ತು, ಆದರೆ ಅವಳು ಹೇಳಲಿಲ್ಲ. ಮೂರನೆಯ ಸಲ ಮೊದಲಿನಿಂದ ಶುರು ಮಾಡಿದಳು, ಮತ್ತೆ ಅಲ್ಲೇ ನಿಂತಳು. ಮನೆಗೆ ಹೋಗುವ ದಾರಿಯಲ್ಲಿ ಅಮ್ಮ ಬೈಯಲಿಲ್ಲ. 'ನಿನ್ನ ಜೊತೆ ನಾನೂ ಹೇಳ್ತಾನೇ ಇದ್ನಲ್ಲೇ, ಕಾಣ್ಲಿಲ್ವಾ?' ಅಂದಳು, ತನ್ನದೇ ತಪ್ಪೆಂಬ ಹಾಗೆ.

'ಆಂಟಿ, ಇನ್ನೂ ಅದೇ ಹುಡ್ಗೀನಾ?' ಪಕ್ಕದ ಮೇಜಿನ ಕಾರಿಸ್ ಬಗ್ಗಿ ನೋಡಿದಳು. ಇಪ್ಪತ್ತೆಂಟರ ಹುಡುಗಿ, ಮೆನ್ನಾಳ ಊರಿನವಳೇ, ಆ ಊರಿನಲ್ಲಿ ಅಮ್ಮನ ವಯಸ್ಸಿನವರೆಲ್ಲ ಆಂಟಿಯರೇ. ಒಣದ್ರಾಕ್ಷಿ ಹಾಕಿ ಕಾವಲಿಯ ಮೇಲೆ ಬೇಯಿಸಿದ ಸಿಹಿಬಿಲ್ಲೆಗಳ ಡಬ್ಬಿಯನ್ನು ಮುಂದೆ ತಳ್ಳಿದಳು. 'ತಗೊಳ್ಳಿ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀವು. ಬಿಟ್ಬಿಡಿ ಅದನ್ನ. ನಾವು ಸೀಟು ಕೊಟ್ಟು ಕಳಿಸಿದ ನೂರು ಜನರಲ್ಲಿ ಮೊದಲು ಹತ್ತು ಜನಕ್ಕೆ ವೀಸಾ ಸಿಗದಿದ್ರೂ ನಡೀತಿತ್ತು. ಈಗ ಐದು. ಆರನೇದು ಆದ್ರೆ ಇಡೀ ವಿಶ್ವವಿದ್ಯಾಲಯಕ್ಕೇ ಹೊರಗಿನ ಮಕ್ಕಳನ್ನ ಕರೆಯೋ ಹಕ್ಕು ಹೋಗತ್ತೆ. ಆಮೇಲೆ ನಾನು ಕಡಲ ದಂಡೇಲಿ ಐಸ್‌ಕ್ರೀಮ್ ಮಾರ್ತೀನಿ, ನೀವು ಕೋನ್ ಹಿಡ್ಕೊಳ್ಳಿ.'

'ಅವಳಜ್ಜಿ ಹೇಳಿಕೊಡ್ತಿರಲಿಲ್ಲ ಕಣೇ.'

'ಇರ್ಬೋದು. ಹಾಗಂತ ವೀಸಾ ಕೊಡೋರಿಗೆ ಯಾರು ಹೇಳ್ತಾರೆ? ಅವರೂ ಇದೇ ಪ್ರಶ್ನೆ ಕೇಳ್ತಾರೆ, ಇವಳು ಇದೇ ಪಾಠ ಒಪ್ಪಿಸ್ತಾಳೆ. ಅವರು ಇಲ್ಲ ಅಂದ್ರೆ ಲೆಕ್ಕ ನಮ್ಮ ಹೆಸರಿಗೆ.' ಕಾರಿಸ್ ಬಿಲ್ಲೆ ಕಚ್ಚಿದಳು. 'ಪಾಪ ಅನ್ನಿಸತ್ತೆ ಆಂಟಿ. ನನಗೂ ಅನ್ನಿಸತ್ತೆ. ಆದ್ರೆ ನಿಮ್ಮ ಕಿವಿ ತಪ್ಪಲ್ಲ ಅಂತ ಟ್ರೆಫರೇ ಎಲ್ಲರ ಮುಂದೆ ಹೇಳಿದ್ರಲ್ಲ.'

ಹೇಳಿದ್ದ. ಬೇಕರಿಯವರ ಅದೇ ಟ್ರೆಫರ್ ಈಗ ವಿಭಾಗದ ಮುಖ್ಯಸ್ಥ, ಮೆನ್ನಾಳಿಗೆ ಅವನ ಮಾತು ನೆನೆದರೆ ಈಗಲೂ ಕೆನ್ನೆ ಬಿಸಿಯಾಗುತ್ತಿತ್ತು. ಆರು ವರ್ಷದ ಹಿಂದೆ ಇದೇ ಕುರ್ಚಿಯಲ್ಲಿ ಕೂತು ಅವಳು ಮಾಡುತ್ತಿದ್ದ ಕೆಲಸದ ಹೆಸರು ಸ್ವಾಗತ. ಸೆಪ್ಟೆಂಬರಿನಲ್ಲಿ ರೈಲು ನಿಲ್ದಾಣದಲ್ಲಿ ಕೆಂಪು ಅಂಗಿ ತೊಟ್ಟು, ಬೋರ್ಡು ಹಿಡಿದು, ಲಾಗೋಸಿನಿಂದ, ಲಾಹೋರಿನಿಂದ, ಹನೋಯಿಯಿಂದ ಬಂದವರ ಪೆಟ್ಟಿಗೆ ಎತ್ತಿಕೊಂಡು ಬಸ್ಸಿಗೆ ಹತ್ತಿಸುತ್ತಿದ್ದಳು. ಗಂಡನನ್ನೂ ಮಗುವನ್ನೂ ಕರೆದುಕೊಂಡು ಬಂದವರಿಗೆ ಹಾಲು ಎಲ್ಲಿ ಸಿಗುತ್ತದೆ, ಕಂಬಳಿ ಎಲ್ಲಿ ಸಿಗುತ್ತದೆ ಎಂದು ತೋರಿಸುತ್ತಿದ್ದಳು. ಆಮೇಲೆ ಸಂಸಾರ ತರುವಂತಿಲ್ಲ ಎಂದಾಯಿತು. ಆಮೇಲೆ ಓದು ಮುಗಿದ ಮೇಲೆ ಇರಬಹುದಾದ ಕಾಲವನ್ನು ಕತ್ತರಿಸಿದರು. ಪ್ರತಿ ಸಲ ಸರ್ಕಾರದ ಹೊಸ ಕಾಗದ ಬಂದಾಗಲೂ ನಿಲ್ದಾಣದಲ್ಲಿ ಇಳಿಯುವವರು ಒಂದಿಷ್ಟು ಕಡಿಮೆಯಾದರು. ಕೊನೆಗೆ ಕೆಂಪು ಅಂಗಿಯನ್ನು ವಾಪಸು ತೆಗೆದುಕೊಂಡು ಅವಳ ಕೈಗೆ ಹದಿನಾಲ್ಕು ಪ್ರಶ್ನೆಗಳ ಪಟ್ಟಿ ಕೊಟ್ಟರು. ವಿಭಾಗದ ಒಂಬತ್ತು ಜನರಲ್ಲಿ ಮೂವರು ಉಳಿದರು. ಆ ಮೂವರಲ್ಲಿ ತಾನೊಬ್ಬಳು ಯಾಕೆ ಉಳಿದೆ ಎಂಬುದು ಅವಳಿಗೆ ಗೊತ್ತಿತ್ತು. ಉರು ಹೊಡೆದವರನ್ನು ಅವಳಷ್ಟು ಬೇಗ ಹಿಡಿಯುವವರು ಇನ್ನೊಬ್ಬರಿರಲಿಲ್ಲ. ಎಲ್ಲಿ ಉಸಿರು ಎಳೆದುಕೊಳ್ಳುತ್ತಾರೆ, ಎಲ್ಲಿ ಕಣ್ಣು ಮೇಲಕ್ಕೆ ಹೋಗುತ್ತದೆ, ಎಡವಿದರೆ ಮೊದಲಿನಿಂದಲೇ ಯಾಕೆ ಶುರು ಮಾಡಬೇಕಾಗುತ್ತದೆ, ಇದೆಲ್ಲ ಯಾವ ತರಬೇತಿಯಲ್ಲೂ ಹೇಳಿಕೊಟ್ಟದ್ದಲ್ಲ. ಹೋರೆಬಿನಲ್ಲಿ ಕಲಿತದ್ದನ್ನು ಅವಳು ಇಲ್ಲಿ ಮಾರುತ್ತಿದ್ದಳು, ಅಷ್ಟೇ.

ಇಷ್ಟೇ ಆಗಿದ್ದರೆ ಹೊಟ್ಟೆಪಾಡು ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಮಧ್ಯಾಹ್ನ ಕೋಟು ಹಾಕಿಕೊಂಡು ಕಡಲ ದಂಡೆಯ ಮೇಲೆ ನಡೆಯುತ್ತ ಅವಳು ಆ ಹನ್ನೊಂದನೆಯ ನಿಮಿಷವನ್ನು ಇನ್ನೊಮ್ಮೆ ಕೆದಕಿದಳು. ಮುದುಕಿಯ ತುಟಿ ಕಂಡಾಗ ತನಗೆ ಏನಾಗಿತ್ತು? ಕನಿಕರ ಆಗಲಿಲ್ಲ. ಅನುಮಾನವೂ ಅಲ್ಲ, ಆ ತುಟಿ ಏನು ಮಾಡುತ್ತಿದೆ ಎಂದು ನೋಡಿದ ಕ್ಷಣವೇ ಅವಳಿಗೆ ಗೊತ್ತಿತ್ತು. ಆದದ್ದು ಹೊಟ್ಟೆಕಿಚ್ಚು. ಅಮ್ಮ ಹೋಗಿ ಹನ್ನೊಂದು ವರ್ಷವಾಯಿತು. ಈ ಹುಡುಗಿಗೆ ಇನ್ನೂ ಜೊತೆಗೆ ಅಲುಗುವ ಒಂದು ಬಾಯಿ ಇದೆ. ಅದಕ್ಕೇ ಪೆನ್ನು ಅಷ್ಟು ಬೇಗ ಓಡಿತ್ತು. ಐವತ್ತೇಳು ವರ್ಷದ ಹೆಂಗಸು, ಮಂಚದ ಮೇಲಿನ ಮುದುಕಿಯೊಬ್ಬಳನ್ನು ಕಂಡು ಹೊಟ್ಟೆಕಿಚ್ಚುಪಟ್ಟಳು ಎಂದು ಯಾವ ಸಭೆಯಲ್ಲಿ ಹೇಳುವುದು? ಥೂ ಎಂದು ತನಗೇ ಹೇಳಿಕೊಂಡಳು. ಡಿಸೆಂಬರಿನ ಕಡಲು ಪಾತ್ರೆ ತೊಳೆದ ನೀರಿನ ಬಣ್ಣಕ್ಕಿತ್ತು. ಮುಚ್ಚಿಹೋದ ಹೋರೆಬಿನ ಸುತ್ತ ಕಬ್ಬಿಣದ ಅಟ್ಟಣೆ ಕಟ್ಟಿದ್ದರು, ಒಳಗೆ ಎಂಟು ಮನೆಗಳಾಗುತ್ತವಂತೆ. ಅದರ ಹಿಂಬದಿಯ ಕೋಣೆಯಲ್ಲಿ, ಇಲ್ಲಿಂದ ಹೋದ ಮಿಶನರಿ ಐಜ್ವಾಲಿನ ಕಡೆಯಿಂದ ಕಳಿಸಿದ ಒಂದು ಪಟವಿತ್ತು: ಬಿದಿರಿನ ಮೆಟ್ಟಿಲ ಮೇಲೆ ಸಾಲಾಗಿ ಕೂತ ಹೆಂಗಸರು, ನಡುವೆ ಟೊಪ್ಪಿಗೆ ಹಾಕಿದ ಒಬ್ಬಳು ಬಿಳಿ ಹೆಂಗಸು. ಇವರೆಲ್ಲ ನಮ್ಮ ಹಾಡನ್ನು ತಮ್ಮ ಭಾಷೆಯಲ್ಲಿ ಬಾಯಿಪಾಠ ಮಾಡಿದ್ದಾರೆ ಎಂದು ಭಾನುವಾರದ ಶಾಲೆಯಲ್ಲಿ ಹೆಮ್ಮೆಯಿಂದ ತೋರಿಸುತ್ತಿದ್ದರು. ಆ ಪಟ ಈಗ ಯಾರ ಅಟ್ಟದಲ್ಲಿದೆಯೋ.

ಹೇಳಲೇಬೇಕು. ಅವಳು ಹೇಳಬೇಕಾದ್ದನ್ನು ನಾಲ್ಕು ವಾಕ್ಯ ಮಾಡಿಕೊಂಡಳು. ಟ್ರೆಫರ್, ಜೋಥನ್‌ಪುಯಿ ವಿಷಯದಲ್ಲಿ ನಾನು ಬರೆದದ್ದು ತಪ್ಪು. ಅಜ್ಜಿ ಹೇಳಿಕೊಡ್ತಿರಲಿಲ್ಲ, ಜೊತೆಗೆ ಹೇಳ್ತಿದ್ರು. ನಮ್ಮಮ್ಮಂದಿರೂ ಹೀಗೇ ಮಾಡ್ತಿದ್ರು, ನಿನಗೂ ಗೊತ್ತು. ಆ ಹುಡುಗೀನ ಇನ್ನೊಂದು ಸಲ ಕೇಳೋಣ. ತನ್ನ ಭಾಷೆಯಲ್ಲಿ, ವೆಲ್ಷಿನಲ್ಲಿ, ಮೆಲ್ಲಗೆ ಬಾಯಿಬಿಟ್ಟೇ ಹೇಳಿಕೊಂಡು ದಂಡೆಯ ಆ ತುದಿಯವರೆಗೆ ಹೋಗಿ ಬಂದಳು. ನಾಯಿ ಹಿಡಿದು ಬಂದ ಮುದುಕನೊಬ್ಬ ತನ್ನನ್ನು ಮಾತಾಡಿಸಿದಳೆಂದು ತಿಳಿದು ಟೋಪಿ ಎತ್ತಿದ. ಎಂಟನೆಯ ಸಲಕ್ಕೆ ನಾಲ್ಕೂ ವಾಕ್ಯ ಒಂದರ ಹಿಂದೊಂದು ಸರಾಗವಾಗಿ ಬಂದವು. ಮನಸ್ಸು ಹಗುರಾಯಿತು. ಸಾಮಾನ್ಯ ಮಾತು, ಟ್ರೆಫರ್ ತನ್ನ ಜೊತೆ ಮೂಗು ಸೋರಿಸಿಕೊಂಡು ನಿಂತವನು, ಅವನಿಗೆ ಅರ್ಥವಾಗದೆ ಇನ್ಯಾರಿಗೆ ಆಗುತ್ತದೆ.

ಸಭೆಯ ಕೋಣೆಯಲ್ಲಿ ಟ್ರೆಫರ್, ಕಾರಿಸ್ ಇದ್ದರು, ಮತ್ತೆ ಒಬ್ಬ ಹೊಸ ಮನುಷ್ಯ ಇದ್ದ. ಕುಲಸಚಿವರ ಕಚೇರಿಯವನಂತೆ, ಲೀಡ್ಸಿನ ಕಡೆಯಿಂದ ಬಂದು ತಿಂಗಳಾಗಿತ್ತಂತೆ. 'ಇವರಿಗೆ ವೆಲ್ಷ್ ಬರಲ್ಲ' ಎಂದ ಟ್ರೆಫರ್, ಅಷ್ಟಕ್ಕೇ ಎಲ್ಲರೂ ಇಂಗ್ಲಿಷಿಗೆ ಹೊರಳಿದರು. ಆ ಊರಿನಲ್ಲಿ ಅದು ಉಸಿರಾಟದಷ್ಟು ಸಹಜ. ಹತ್ತು ಜನರಲ್ಲಿ ಒಬ್ಬ ಬಾರದವನಿದ್ದರೆ ಒಂಬತ್ತು ಜನ ತಮ್ಮ ಮಾತು ಮಡಿಚಿಡುತ್ತಾರೆ. ಮೆನ್ನಾ ಹುಟ್ಟಿದಾಗಿನಿಂದ ಎರಡೂ ಮಾತಾಡಿದವಳು, ಎಂದೂ ತೊಡಕಾಗಿರಲಿಲ್ಲ. ಪಟ್ಟಿ ಓಡುತ್ತಿತ್ತು. ಹೆಸರು, ಗುರುತು, ಹೆಸರು, ಗುರುತು. ಟ್ರೆಫರ್ ಕನ್ನಡಕವನ್ನು ಹಣೆಗೇರಿಸಿ, 'ಮುಂದಿನದು ಐಜ್ವಾಲ್. ಪತ್ರ ಬರೆದಿದ್ದಾಳೆ ಈಕೆ. ಮೆನ್ನಾ, ಇದರ ಬಗ್ಗೆ ಏನಾದ್ರೂ ಹೇಳೋದಿದೆಯಾ?' ಎಂದ.

'ಇದೆ' ಎಂದಳು. ಯಾಕೋ ಎದ್ದು ನಿಂತಿದ್ದಳು. ಆ ಸಭೆಯಲ್ಲಿ ಯಾರೂ ಎದ್ದು ನಿಂತು ಮಾತಾಡುವುದಿಲ್ಲ. 'ಟ್ರೆಫರ್, ಜೋಥನ್‌ಪುಯಿ ವಿಷಯದಲ್ಲಿ ನಾನು ಬರೆದದ್ದು...' ಇಂಗ್ಲಿಷಿನಲ್ಲಿ ಅಷ್ಟು ಬಂತು. ಮುಂದಿನದು ನಾಲಿಗೆಯ ಮೇಲೆ ವೆಲ್ಷಿನಲ್ಲಿ ಕೂತಿತ್ತು, ಜಾಗ ಬಿಡಲಿಲ್ಲ. ನಿಲ್ಲಿಸಿದಳು. ಗೋಡೆಯ ಮೇಲೆ, ಗಡಿಯಾರ ಇರಬೇಕಾದ ಕಡೆ, ಬೆಂಕಿ ಬಿದ್ದರೆ ಯಾವ ಬಾಗಿಲಿಂದ ಓಡಬೇಕೆಂಬ ಸೂಚನೆ ಇತ್ತು. 'ಜೋಥನ್‌ಪುಯಿ ವಿಷಯದಲ್ಲಿ ನಾನು ಬರೆದದ್ದು... ಅವಳ ಅಜ್ಜಿ...' ಮತ್ತೆ ಅಲ್ಲೇ ನಿಂತಿತು. ನಮ್ಮಮ್ಮಂದಿರೂ ಹೀಗೇ ಎಂಬುದನ್ನು ಈ ಲೀಡ್ಸಿನವನ ಮುಂದೆ ಯಾವ ಬಾಯಲ್ಲಿ ಹೇಳುವುದು? ಅವನು ನಯವಾಗಿ ಕೈಗಡಿಯಾರ ನೋಡಿಕೊಂಡ. ಮೆನ್ನಾ ಕಾರಿಸ್ ಕಡೆ ತಿರುಗಿದಳು. ಕಾರಿಸ್ ಮೇಜು ನೋಡುತ್ತಿದ್ದಳು. ಆ ಕೋಣೆಯಲ್ಲಿ ಅವಳ ಜೊತೆ ಅಲುಗುವ ತುಟಿ ಒಂದೂ ಇರಲಿಲ್ಲ. ಇನ್ನೊಮ್ಮೆ ಮೊದಲಿನಿಂದ ಶುರು ಮಾಡಿದರೆ ನಗುತ್ತಾರೆ ಎಂದು ಎಂಟು ವರ್ಷದ ಮೈ ಹೇಳಿತು.

'ಬೇಕಾದ್ರೆ ಆಮೇಲೆ ಬರೆದು ಕೊಡು, ಮೆನ್ನಾ' ಎಂದ ಟ್ರೆಫರ್. ಒಳ್ಳೆಯ ಮನಸ್ಸಿನಿಂದಲೇ ಅಂದ. 'ಆದ್ರೆ ಪಟ್ಟಿ ಮೂರು ಗಂಟೆಗೆ ಹೋಗತ್ತೆ.'

'ಬೇಡ' ಎಂದಳು. 'ಬರೆದಿರೋದು ಸರಿಯಾಗೇ ಇದೆ.'

ಎಷ್ಟು ಸುಲಭವಾಗಿ ಬಂತು ಆ ಮಾತು. ಕೂತಳು. ಲೀಡ್ಸಿನವನು ಗೀಟು ಎಳೆದ. ಮುಂದಿನ ಹೆಸರು ಢಾಕಾದ್ದು.

ಹೊರಗೆ ಪಡಸಾಲೆಯಲ್ಲಿ ಟ್ರೆಫರ್ ಹಿಂದಿನಿಂದ ಬಂದು ಹೆಗಲು ತಟ್ಟಿದ. ಈಗ ಇಬ್ಬರೇ ಆದ್ದರಿಂದ ಮಾತು ತಾನೇ ವೆಲ್ಷಿಗೆ ಬಂದಿತ್ತು. 'ಏನೇ ಅದು? ಏನೋ ದೊಡ್ಡದು ಹೇಳೋಕೆ ನಿಂತೆ.'

'ಏನಿಲ್ವೋ.'

'ನೀನು ಎದ್ದು ನಿಂತಿದ್ದು ನೋಡಿ ಹೋರೆಬ್ ನೆನಪಾಯ್ತು ಮಾರಾಯ್ತಿ. ಕಾಲುಚೀಲ ಜಾರಿತ್ತಲ್ಲ ಆವತ್ತು?' ನಕ್ಕ. 'ಎಷ್ಟು ಹಟಮಾರಿ ನೀನು. ಗಿಡ್ಡದ್ದು ಹೇಳಿ ಕೂತ್ಕೊಳ್ಳೋದು ಬಿಟ್ಟು ಮೂರ್ ಮೂರು ಸಲ ಶುರು ಮಾಡ್ತಿದ್ದೆ. ಇವತ್ತು ಅಂತೂ ಬುದ್ಧಿ ಬಂತು.' ಅವನಿಗೆ ಕಾಲುಚೀಲವೂ ನೆನಪಿತ್ತು. ಇಡೀ ಊರಿನಲ್ಲಿ ಆ ನಾಲ್ಕು ವಾಕ್ಯ ಅರ್ಥವಾಗಬಹುದಾಗಿದ್ದ ಒಬ್ಬನೇ ಮನುಷ್ಯ ಎದುರಿಗೆ ನಿಂತಿದ್ದ, ಗಂಟೆ ಎರಡೂ ಐವತ್ತು, ಈಗ ನಾಲ್ಕೂ ವಾಕ್ಯ ಸಾಲಾಗಿ ನಾಲಿಗೆಯ ಮೇಲಿದ್ದವು. 'ಟೀ ಕುಡೀತೀಯಾ?' ಎಂದ ಅವನು. 'ಬೇಡ, ಮೂರೂವರೆಗೆ ಇನ್ನೊಬ್ಬರು ಇದ್ದಾರೆ' ಎಂದಳು. ಅವನು ಹೋದ. ಅವಳು ಹೆಂಗಸರ ಕೋಣೆಗೆ ಹೋಗಿ ನಲ್ಲಿ ಬಿಟ್ಟು ಆ ನೀರಿನ ಸದ್ದಿನಲ್ಲಿ ನಾಲ್ಕೂ ವಾಕ್ಯ ಹೇಳಿದಳು, ಒಂದು ಪದ ತಪ್ಪದೆ. ನಂತರ ಮುಖ ತೊಳೆದುಕೊಂಡಳು. ಹೊರಗೆ ಬಂದಾಗ ಮೂರು ದಾಟಿತ್ತು.

ಮೂರೂವರೆಗೆ ಪರದೆಯ ಮೇಲೆ ಬಂದವನು ಕುಮಾಸಿ ಎಂಬ ಊರಿನ ಅಗ್ಯೆಮಾಂಗ್, ಮೂವತ್ತಾರು ವರ್ಷ, ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕತ್ತಿನವರೆಗೂ ಗುಂಡಿ. ಸಂಸಾರ ತರುವಂತಿಲ್ಲವೆಂದು ಗೊತ್ತಲ್ಲವೇ ಎಂದರೆ, ಗೊತ್ತು ಮೇಡಂ ಎಂದ, ಎಲ್ಲಿಂದಲೋ ಮಗುವಿನ ಅಳು ಕೇಳಿ ನಿಂತಿತು. ಕಿಟಕಿಯಾಚೆ ಕಡಲ ಮೇಲೆ ಆಗಲೇ ಬೆಳಕು ಇಳಿಯುತ್ತಿತ್ತು. ಮೆನ್ನಾ ನಮೂನೆಯನ್ನು ಮುಂದೆ ಎಳೆದುಕೊಂಡಳು.

'ನೀವಿರುವ ಕೋಣೆಯಲ್ಲಿ ಬೇರೆ ಯಾರಾದರೂ ಇದ್ದಾರೆಯೇ?'

'ಇಲ್ಲ ಮೇಡಂ. ನಾನೊಬ್ಬನೇ.'

'ಓದುವುದಕ್ಕೆ ಈ ವಿಶ್ವವಿದ್ಯಾಲಯವನ್ನೇ ಯಾಕೆ ಆರಿಸಿಕೊಂಡಿರಿ?'

ಅವನು ಉಸಿರು ಎಳೆದುಕೊಂಡು ಹೇಳತೊಡಗಿದ. ಜೋಥನ್‌ಪುಯಿ ಹೇಳಿದ ಮೂರು ವಾಕ್ಯಗಳೇ. ಏಜೆಂಟರು ಲೋಕಕ್ಕೆಲ್ಲ ಒಂದೇ ಪಾಠ ಹಂಚಿದ್ದರು, ಮೆನ್ನಾ ಅದನ್ನು ಈ ವರ್ಷ ನಾನೂರು ಸಲ ಕೇಳಿರಬೇಕು. ಎರಡನೆಯ ವಾಕ್ಯದ ಹೊತ್ತಿಗೆ ಪರದೆಯ ಮೂಲೆಯಲ್ಲಿ ಈಚೆಯ ಕೋಣೆ ಕಾಣುವ ಪುಟ್ಟ ಚೌಕದ ಕಡೆ ಅವಳ ಕಣ್ಣು ಹೋಯಿತು. ಅಲ್ಲಿ ಒಬ್ಬ ಹೆಂಗಸು ಕೂತಿದ್ದಳು, ನೆರೆತ ಕೂದಲು, ಬೂದು ಸ್ವೆಟರು, ಅಮ್ಮನದೇ ಗಲ್ಲ. ಅವಳ ತುಟಿ ಅಲುಗುತ್ತಿತ್ತು. ಅವನ ಒಂದೊಂದು ಮಾತಿಗೂ ಸರಿಯಾಗಿ ಅಲುಗುತ್ತಿತ್ತು.

ಮೆನ್ನಾ ಗಬಕ್ಕನೆ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಕುಮಾಸಿಯಲ್ಲಿ ಮೇಷ್ಟ್ರು ಅದನ್ನು ನೋಡಿ ನಿಲ್ಲಿಸಿದ. ಮುಖ ಬಾಡಿತು. 'ತಪ್ಪಾಯ್ತಾ ಮೇಡಂ?'

'ಇಲ್ಲ' ಎಂದಳು ಕೈಯೊಳಗಿನಿಂದಲೇ. 'ಹೇಳಿ.'

ಅವನು ಹೇಳಲು ನೋಡಿದ. ಕಣ್ಣು ಮೇಲಕ್ಕೆ ಹೋಯಿತು. ಅಂಗಿಯ ಕಾಲರನ್ನು ಒಮ್ಮೆ ಮುಟ್ಟಿಕೊಂಡು, ಮತ್ತೆ ಮೊದಲನೆಯ ವಾಕ್ಯದಿಂದ ಶುರು ಮಾಡಿದ. ಮೆನ್ನಾಳ ಬಲಗೈ ಅದರ ಪಾಡಿಗೆ ಅದು ಮೊದಲನೆಯ ಖಾನೆಯಲ್ಲಿ ಗುರುತು ಹಾಕಿತು. 'ಕೋಣೆಯಲ್ಲಿ ಇನ್ನೊಬ್ಬರು' ಎಂಬ ಎರಡನೆಯ ಖಾನೆಯ ಮೇಲೆ ಬಂದು ನಿಂತಿತು. ಎಡಗೈಯ ಹಿಂದೆ ತುಟಿ ಇನ್ನೂ ನಿಂತಿರಲಿಲ್ಲ.